ಫ್ರೀಜರಿನಲ್ಲಿಟ್ಟ ಇನ್ಸುಲಿನ್

ಪ್ರೀತಿಯ ಅಪ್ಪನಿಗೆ,

ನೀವು ಇನ್ಸುಲಿನ್ ಬಾಟಲಿಗಳನ್ನು ಫ್ರೀಜರಿನಲ್ಲಿ ಇಡುತ್ತಿದ್ದೀರೆಂದು ಅಮ್ಮ ಇವತ್ತು ಫೋನಿನಲ್ಲಿ ಹೇಳಿದಳು. ಯಾಕೆಂದು ಕೇಳಿದರೆ "ಮಗಳ ಲ್ಯಾಬಲ್ಲಿ ಹಾಗೇ ಇಡ್ತಾರೆ ಕಣೇ" ಅಂದಿರಂತೆ.

ಅಪ್ಪಾ, ನಾವು ಅಲ್ಲಿ ಇಡುವುದು ಮೇದೋಜೀರಕ ಗ್ರಂಥಿಯ ಜೀವಕೋಶಗಳ ಪೊರೆಯಲ್ಲಿರುವ ಪ್ರೋಟೀನುಗಳನ್ನು. ಬಸ್ಸಿನಲ್ಲಿ ನೀವು ಮಾಡುತ್ತಿದ್ದ ಕಂಡಕ್ಟರ್ ಕೆಲಸವೇ ಅವುಗಳದ್ದೂ. ಇನ್ಸುಲಿನ್ ತುಂಬಿದ ಪುಟ್ಟ ಚೀಲಗಳನ್ನು ಬಾಗಿಲಿಗೆ ಕರೆತಂದು, ಹೊತ್ತು ನೋಡಿ ಇಳಿಸುತ್ತವೆ. ಅವುಗಳನ್ನು ಹೆಪ್ಪುಗಟ್ಟಿಸಿ ಇಡಬಹುದು. ನಿಮ್ಮ ಔಷಧ ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ. ನೀವು ಲ್ಯಾಬಿಗೆ ಬಂದಾಗ ಆ ಫ್ರೀಜರ್ ತೆರೆದು ತೋರಿಸಿ ಜಂಬ ಕೊಚ್ಚಿಕೊಂಡವಳು ನಾನೇ. ಇಷ್ಟನ್ನು ಮಾತ್ರ ಹೇಳಲಿಲ್ಲ.

ಹಳೆಯದನ್ನು ಎಸೆದು ಹೊಸದು ತರಲು ಅಮ್ಮನಿಗೆ ಹೇಳಿದ್ದೇನೆ. ಅದನ್ನು ಫ್ರಿಜ್ಜಿನ ಕೆಳಭಾಗದಲ್ಲಿ, ಮೊಸರಿನ ಪಕ್ಕ ಇಡಿ. ಎಷ್ಟು ಚುಚ್ಚಿಕೊಳ್ಳಬೇಕೆಂದು ಡಾಕ್ಟರನ್ನು ಮತ್ತೆ ಕೇಳಿ.

ಶುಗರ್ ಯಾಕೆ ಇಳಿಯಲಿಲ್ಲವೆಂದು ಈಗ ಅರ್ಥವಾಯಿತು. ಹೋದ ವಾರ "ಕದ್ದು ಸಿಹಿ ತಿಂತಿದ್ದೀರಿ" ಎಂದು ನಿಮ್ಮ ಮೇಲೆ ಹರಿಹಾಯ್ದೆ. ನೀವು ಎರಡು ತಿಂಗಳಿಂದ ಸಿಹಿ ಮುಟ್ಟೇ ಇಲ್ಲವಂತೆ. ಆದರೂ ಅವತ್ತು "ತಪ್ಪಾಯ್ತಮ್ಮ, ಇನ್ನು ತಿನ್ನಲ್ಲ" ಅಂದುಬಿಟ್ಟಿರಿ. ಅದಕ್ಕೇ ಫೋನ್ ಮಾಡಲು ಮುಖವಿಲ್ಲದೆ ಬರೆಯುತ್ತಿದ್ದೇನೆ.

ನಿಮ್ಮ
ಪುಟ್ಟಿ