ಕೊನೆಯ ಮಾತಿನ ಕೆಮ್ಮು

ಸೋಮವಾರ, ರಾತ್ರಿ

ನನ್ನ ಅಕ್ಕನಿಗೆ, ಮಾತು ಕಡಿಮೆ ಅಂತ ನೀನು ಮೂಗಿ ಎಂದು ಕರೆಯುವ ತಂಗಿಯ ನಮಸ್ಕಾರಗಳು.

ಅಮ್ಮನ ಮಂಡಿನೋವು ಹಾಗೇ ಇದೆ. ಹೊಲಿಗೆ ಅಂಗಡಿಯಲ್ಲಿ ಈಗ ಸಿಪಾಯಿಗಳ ಕೋಟಿಗೆ ಗುಂಡಿ ಹಾಕುತ್ತಿದ್ದೇನೆ. ಇದನ್ನು ತೊಡುವವನು ಸೈನ್ಯದ ರೇಡಿಯೋದಲ್ಲಿ ನಿನ್ನ ದನಿ ಕೇಳುತ್ತಾನೆ ಎಂದುಕೊಂಡರೆ ಬೆರಳು ನೋಯುವುದಿಲ್ಲ.

ಸಂಜೆಯಾದರೆ ಬೀದಿಯೆಲ್ಲ ನಮ್ಮ ರೇಡಿಯೋ ಮುಂದೆ. ಏನ್ರಪ್ಪಾ, ಕಾಲುಚೀಲ ಒಗೆದ್ರೋ, ಇಲ್ಲಾ ವಾಸನೆಗೇ ಶತ್ರು ಓಡ್ಲಿ ಅಂತ ಬಿಟ್ಟಿದ್ದೀರೋ ಅಂತ ನೀನು ಸಿಪಾಯಿಗಳನ್ನು ಕೇಳಿದರೆ ಪಕ್ಕದ ಮನೆ ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಇವಳು ಬೈದು ಬೈದೇ ಯುದ್ಧ ಗೆಲ್ಲಿಸ್ತಾಳೆ ಬಿಡಿ ಅಂತಾರೆ. ಬೈಯೋದು ನನ್ನ ಹತ್ರಾನೇ ಕಲಿತಿದ್ದು ಅಂತ ಅಮ್ಮನಿಗೆ ಜಂಬ.

ನಿಮ್ಮ ಪ್ರಸಾರ ಕೇಂದ್ರದ ಬೀದಿಗೆ ಬಾಂಬು ಬಿತ್ತಂತೆ. ಆಮೇಲೆ ನಿನ್ನ ಕಾಗದ ಬಂದಿಲ್ಲ. ಸೈನ್ಯದ ಕಚೇರಿಗೆ ಹೋದೆ. ಬಾಗಿಲಲ್ಲೇ ನಿಂತೆ. ಗುಮಾಸ್ತರೇ ಕರೆದು ಕೇಳಿದರು. ದಿನಾ ರೇಡಿಯೋದಲ್ಲಿ ಮಾತಾಡ್ತಾಳಲ್ಲಮ್ಮ, ಇನ್ನೇನು ಸಾಕ್ಷಿ ಬೇಕು ಅಂತ ನಕ್ಕರು. ನಾನೂ ನಕ್ಕು ಬಂದೆ.

ಆದರೆ ಕಳೆದ ಸಲ ಬಂದಾಗ ನೀನೇ ಹೇಳಿದ್ದೆ. ಮಾತಾಡುವವರು ಬರದಿದ್ದರೆ ಹಳೆಯ ಟೇಪು ಹಾಕುತ್ತಾರೆ, ಕುರ್ಚಿ ಖಾಲಿ ಅಂತ ಹುಡುಗರಿಗೆ ಗೊತ್ತಾಗಬಾರದು ಅಂತ. ಮೊದಲಿಂದಲೂ ದಿನಾ ಅದದೇ ಬೈಗುಳ ಬೈದು, ಬೂಟು ಒಣಗಿಸಿಕೊಂಡು ಮಲಗ್ರಪ್ಪಾ ಅಂತಲೇ ನೀನು ಮುಗಿಸುತ್ತೀಯ, ಅದಕ್ಕೇ ಯಾರಿಗೂ ಅನುಮಾನವಿಲ್ಲ. ಈಗೀಗ ಮಲಗ್ರಪ್ಪಾ ಅನ್ನುವ ಮೊದಲು ಕೆಮ್ಮುತ್ತೀಯ. ನಿನ್ನೆಯೂ ಅಲ್ಲೇ, ಇವತ್ತೂ ಅಲ್ಲೇ, ಅದೇ ಕೆಮ್ಮು.

ಆ ಜಾಗ ಬಂತೆಂದರೆ ನಾನು ಪಾತ್ರೆ ಸದ್ದು ಮಾಡುತ್ತೇನೆ. ಅಮ್ಮನಿಗೆ ಗೊತ್ತಾಗುವುದು ಬೇಡ. ಅವಳು ಉಣ್ಣುವುದೇ ನಿನ್ನ ಮಾತು ಮುಗಿದ ಮೇಲೆ.

ಕೈಗೆ ಪೆಟ್ಟಾಗಿದ್ದರೆ ಯಾರ ಕೈಲಾದರೂ ಒಂದು ಸಾಲು ಬರೆಸು. ಬೈದರೂ ಪರವಾಗಿಲ್ಲ. ಈ ಕಾಗದವನ್ನು ಬೇರೆ ಯಾರಾದರೂ ಓದುತ್ತಿದ್ದರೆ, ದಯವಿಟ್ಟು ಉತ್ತರವನ್ನು ಮನೆಗೆ ಕಳಿಸಬೇಡಿ. ಹೊಲಿಗೆ ಅಂಗಡಿಗೆ ಕಳಿಸಿ.

ಇಂತಿ,
ನಿನ್ನ ಮೂಗಿ ತಂಗಿ

ಇನ್ನೊಂದು ಮಾತು: ಲಕೋಟೆ ಅಂಟಿಸಲು ಹೊರಟಾಗ ಅಮ್ಮ ಬಂದು ಬೆನ್ನ ಹಿಂದೆ ನಿಂತಳು. ಅವಳಿಗೆ ಓದಲು ಬರುವುದಿಲ್ಲವಲ್ಲ, ನಾನು ಮುಚ್ಚಿಡಲಿಲ್ಲ. ಅಕ್ಕನಿಗೆ ತಾನೇ, ನಂದೂ ಒಂದು ಮಾತು ಸೇರಿಸು ಅಂದಳು. ನಾಳೆ ಒಂದು ದಿನ ಕೆಮ್ಮದೆ ಮಲಗ್ರಪ್ಪಾ ಅನ್ನಬೇಕಂತೆ ನೀನು.