ತುದಿ ಬದಲಾದ ಜೋಡಿ

ಮಂಗಳವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀಯ ತಾನೇ? ತಡವಾಗಿ ಬರೆಯುತ್ತಿದ್ದೇನೆಂದು ಬೇಜಾರು ಮಾಡಿಕೊಳ್ಳಬೇಡ. ನೀನು ಫೋನ್ ಎತ್ತುತ್ತೀಯೆಂದು ಕಾದೆ. ಅಳಿಯಂದಿರನ್ನು ಕೇಳಿದರೆ "ಮಲಗಿದ್ದಾಳೆ ಅತ್ತೆ" ಅನ್ನುತ್ತಾರೆ. ಚಿಕ್ಕವಳಿದ್ದಾಗ ಎಷ್ಟು ತೂಗಿದರೂ ಕಣ್ಣು ಮುಚ್ಚದವಳು ಈಗ ಹಗಲೆಲ್ಲ ಮಲಗುತ್ತಾಳಂತೆ!

ನಮ್ಮ ಲ್ಯಾಬಿಗೆ ರಕ್ತ ಬರುವುದು ಹೆಸರಿಲ್ಲದೆ, ಬರೀ ಸಂಖ್ಯೆಯಲ್ಲಿ. ಹಾಗಾಗಿ ಹೋದ ತಿಂಗಳು ಪರದೆಯ ಮೇಲೆ ನಾನು ಜೋಡಿಸಿದ್ದು ನಿನ್ನ ವರ್ಣತಂತುಗಳನ್ನೇ ಎಂದು ನನಗೆ ಗೊತ್ತಿರಲಿಲ್ಲ. ಒಂದೊಂದಕ್ಕೂ ಅದರ ಜೊತೆಯನ್ನು ಹುಡುಕಿ ಪಕ್ಕದಲ್ಲಿ ಕೂರಿಸುವುದು ನನ್ನ ಕೆಲಸ. ನಾಲ್ಕನೆಯ ಜೋಡಿಯಲ್ಲಿ ಒಂದರ ಬಾಲ ಮೋಟು, ಹನ್ನೊಂದನೆಯದರಲ್ಲಿ ಒಂದರ ಬಾಲ ಉದ್ದ. ನನ್ನ ಕೈಯೇ ತಪ್ಪಿತೆಂದು ಎಲ್ಲ ಅಳಿಸಿ ಬೇರೆ ಜೀವಕೋಶ ಹಿಡಿದೆ. ಅಲ್ಲೂ ಅದೇ. ಎದುರು ಮೇಜಿನ ಹಿರಿಯರು ಬಗ್ಗಿ ನೋಡಿ, "ನಿಮ್ಮ ಕೈ ತಪ್ಪಿಲ್ಲಮ್ಮ, ಈ ಹುಡುಗೀದು ತುದಿಗಳೇ ಅದಲುಬದಲಾಗಿವೆ" ಅಂದರು. ಪಾಪ, ಯಾರ ಮನೆ ಮಗಳೋ ಎಂದುಕೊಂಡು ಟೀ ಕುಡಿಯಲು ಹೋದೆ. ಆಮೇಲೆ ಅಳಿಯಂದಿರು ಫೋನಿನಲ್ಲಿ ನಿನ್ನ ರಿಪೋರ್ಟ್ ಓದಿ "ನಾಲ್ಕು, ಹನ್ನೊಂದು" ಅಂದಾಗ ಆ ಸಂಖ್ಯೆಯ ಚಿತ್ರವನ್ನೇ ಮತ್ತೆ ತೆರೆದು ಕೂತೆ.

ನಿನ್ನಲ್ಲಿ ಏನೂ ಕಡಿಮೆಯಿಲ್ಲ ಗುಬ್ಬಿ. ತುಂಡುಗಳು ಜಾಗ ಬದಲಿಸಿವೆ, ಕಳೆದುಹೋಗಿಲ್ಲ. ತೊಡಕು ಬರುವುದು ಅಂಡಾಣು ತಯಾರಾಗುವಾಗ. ಆಗ ಅಮ್ಮನಿಂದ ಬಂದದ್ದೂ ಅಪ್ಪನಿಂದ ಬಂದದ್ದೂ ಮೈಗೆ ಮೈ ತಾಗಿಸಿ ಜೋಡಿಯಾಗುತ್ತವೆ, ಚೂರುಪಾರು ಕೊಟ್ಟು ತೆಗೆದುಕೊಳ್ಳುತ್ತವೆ, ಆಮೇಲೆ ಒಂದು ಆ ಕಡೆ, ಒಂದು ಈ ಕಡೆ ಸರಿಯುತ್ತವೆ. ಎಲ್ಲರಲ್ಲೂ ಹೀಗೆಯೇ. ನಿನ್ನಲ್ಲಿ ಮಾತ್ರ ಎರಡರ ಬದಲು ನಾಲ್ಕು ಒಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಬಿಡಿಸಿಕೊಳ್ಳುವಾಗ ಬದಲಾದವೆರಡೂ ಒಂದೇ ಕಡೆ ಹೋದರೆ, ಇಲ್ಲವೇ ಬದಲಾಗದವೆರಡೂ ಒಂದೇ ಕಡೆ ಹೋದರೆ ಚಿಂತೆಯಿಲ್ಲ. ಅದೊಂದು ಇದೊಂದು ಬಂದರೆ ಒಂದು ತುಂಡು ಹೆಚ್ಚು, ಇನ್ನೊಂದು ಕಡಿಮೆ. ಹಿಂದಿನ ಎರಡು ಸಲವೂ ಗರ್ಭ ನಿಲ್ಲದ್ದು ಇದರಿಂದಲೇ. ನೀನು ಮೆಟ್ಟಿಲು ಹತ್ತಿದ್ದಕ್ಕಲ್ಲ, ಕೆಲಸಕ್ಕೆ ಹೋದದ್ದಕ್ಕೂ ಅಲ್ಲ.

ಈಗ ನಿನ್ನ ಹೊಟ್ಟೆಯಲ್ಲಿರುವ ಮಗುವಿನ ಸ್ಯಾಂಪಲ್ ಪಕ್ಕದ ಕೋಣೆಯಲ್ಲಿದೆ. ಹಿರಿಯರು ನನ್ನನ್ನು ಒಳಗೆ ಬಿಟ್ಟಿಲ್ಲ. "ಮನೆಯವರದು ಅಂತ ಗೊತ್ತಾದ ಮೇಲೆ ಕಣ್ಣನ್ನ ನಂಬೋ ಹಾಗಿಲ್ಲ, ನೀವು ಹೊರಗೇ ಇರಿ" ಅಂದರು. ಗಾಜಿನ ಬಾಗಿಲಿನಿಂದ ಅವರ ಬೆನ್ನು ಕಾಣುತ್ತಿದೆ. ಈಗಷ್ಟೇ ಕನ್ನಡಕ ತೆಗೆದು ಒರೆಸಿಕೊಂಡರು. ಯಾಕೆ ಒರೆಸಿಕೊಂಡರೋ! ನನಗೆ ಭಯವಾಗುತ್ತಿದೆ ಕಣೇ.

ಈ ಪತ್ರ ಸಿಗುವಷ್ಟರಲ್ಲಿ ನಿನಗೆ ವಿಷಯ ತಿಳಿದಿರುತ್ತದೆ. ಏನೇ ಬರಲಿ, ನಿನ್ನನ್ನು ನೀನು ಬೈದುಕೊಳ್ಳಬೇಡ. ಹೊಟ್ಟೆ ತಣ್ಣಗಿರಲಿ, ಮಗಳೇ.

ನಿನ್ನ
ಅಮ್ಮ

ತಾ.ಕ.: ಬರೆಯಲು ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ. ಮೊನ್ನೆ ನನ್ನ ರಕ್ತವನ್ನೂ ಕೊಟ್ಟೆ. ನಾಲ್ಕು, ಹನ್ನೊಂದು. ನಿನಗಿಂತ ಮೊದಲು ನನಗೆ ಮೂರು ಸಲ ಹೋಗಿತ್ತು, ನಿನಗೆ ಯಾವತ್ತೂ ಹೇಳಲಿಲ್ಲ. ನಿನ್ನ ಪಾಲಿಗೆ ಬದಲಾದವೆರಡೂ ಒಟ್ಟಿಗೆ ಬಂದವು, ನೀನು ಉಳಿದೆ. ನಿನ್ನ ಮೂಗು ನನ್ನದೇ ಎಂದು ಕಂಡವರಿಗೆಲ್ಲ ಹೇಳಿ ಬೀಗಿದವಳು ನಾನು. ಇದೂ ನನ್ನದೇ. ಬೈಯುವುದಕ್ಕಾದರೂ ಫೋನ್ ಮಾಡು.