ಎಡೆಯ ಪಾಯಸ

ಕೋಗಿಲು
೧೪-೬-೧೯೬೩

ತಂಗಿ ಸೊಣ್ಣಮ್ಮನಿಗೆ,

ಈಗ ಸಂಜೆ ಏಳು ಗಂಟೆ. ಬೆಳಿಗ್ಗೆ, ನಿಮ್ಮಣ್ಣ ಸಾಕಿದ ಮುದಿ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಹೆಬ್ಬಾಳದ ದನದ ಡಾಕ್ಟರ ಹತ್ತಿರ ಹೋಗಿದ್ದೆ. ಅದಕ್ಕೂ ನಿಮ್ಮಣ್ಣನದೇ ಸಕ್ಕರೆ ಕಾಯಿಲೆ. ಅವರಿಗೆ ಚುಚ್ಚುತ್ತಿದ್ದ ಸೂಜಿಯನ್ನೇ ಕುದಿಸಿ, ಅದರಿಂದಲೇ ದಿನವೂ ಮದ್ದು ಚುಚ್ಚುತ್ತೇನೆ. ಬೇಯಿಸಿದ ಮೊಟ್ಟೆ, ಮೀನು ಬಿಟ್ಟು ಬೇರೇನೂ ಹಾಕುವುದಿಲ್ಲ. ಆದರೂ ಡಾಕ್ಟರು, “ಏನಮ್ಮಾ, ಪಾಯಸ ಗೀಯಸ ಇಕ್ತೀರಾ? ಹಿಂಗೇ ಆದ್ರೆ ಇನ್ನೊಂದು ತಿಂಗಳು ಬದುಕಲ್ಲ,” ಅಂದರು. ನನಗೆ ಸಿಟ್ಟು ಬಂತು.

ಮನೆಗೆ ಬಂದ ಮೇಲೆ ಕಾರಣ ಗೊತ್ತಾಯಿತು. ಅತ್ತೆ ದಿನವೂ ಸಂಜೆ ಮಗನ ಪಟದ ಮುಂದೆ ಹಾಲುಪಾಯಸದ ಎಡೆ ಇಟ್ಟು, ಅವನು ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಮುಚ್ಚುತ್ತಾರಲ್ಲ, ಇವತ್ತು ಹೊರಗಿನಿಂದ ನೋಡಿದೆ. ಬೆಕ್ಕು ಕಿಟಕಿಯಿಂದ ಇಳಿದು ಎಲೆ ನೆಕ್ಕುತ್ತಿತ್ತು.

ಆಮೇಲೆ ಅತ್ತೆ ಬಾಗಿಲು ತೆಗೆದು ನನ್ನನ್ನು ಕೂಗಿದರು. “ನೋಡೇ, ಇವತ್ತೂ ಬಂದಿದ್ದ ನನ್ ಮಗ. ಒಂದಗುಳೂ ಬಿಟ್ಟಿಲ್ಲ. ಬದ್ಕಿದ್ದಾಗ ನೀನು ಒಂದ್ ಚಮ್ಚ ಇಕ್ಕಿದ್ಯಾ?” ನಿಮ್ಮಣ್ಣ ತೀರಿಹೋದ ಈ ಮೂರು ತಿಂಗಳಲ್ಲಿ ಅವರು ನಗುವುದು ಆ ಹೊತ್ತಿನಲ್ಲಿ ಮಾತ್ರ.

ಕೂತಲ್ಲಿ ಕೂರಲಾಗುತ್ತಿಲ್ಲ. ನಿಮ್ಮೂರು ಚಿಕ್ಕಜಾಲಕ್ಕೆ ಹೊರಟಿರುವ ಎದುರು ಮನೆಯ ಚಿಕ್ಕಬೈರಪ್ಪನ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ನಾಳೆ ಹೇಗಾದರೂ ಬಂದು, ಸಂಜೆ ಅತ್ತೆಯ ಪಕ್ಕದಲ್ಲಿರು. ನನ್ನಿಂದ ಅವರಿಗೆ ಹೇಳಲಾಗುವುದಿಲ್ಲ.

ಕಿಟಕಿಗೆ ಹಲಗೆ ಕಟ್ಟಿದ್ದೇನೆ. ನಾಳೆ ಬಾಗಿಲು ತೆಗೆದಾಗ ಪಾಯಸ ಇಟ್ಟ ಹಾಗೇ ಇರುತ್ತದೆ.

ನಿನ್ನ ಅತ್ತಿಗೆ,
ಮುನಿಕೆಂಪಮ್ಮ